ಮೂರನೇ ಕ್ಯಾನು

ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಹೊಟ್ಟೆ ತುಂಬುತ್ತಿದ್ದುದು ವ್ಯಾನಿನದು. ಬೆಳಿಗ್ಗೆ ಆರಕ್ಕೆ ಮಾವ ಶೆಡ್ಡಿಗೆ ಹೋಗಿ, ಬಾನೆಟ್ ಎತ್ತಿ, ಆಯಿಲ್ ಕಡ್ಡಿಯನ್ನು ಎರಡು ಬೆರಳಲ್ಲಿ ಸವರಿ, ಎಂಜಿನ್ ತಣಿಸುವ ಕೂಲೆಂಟಿನ ಬಾಟಲಿಗೆ ಬೆರಳು ಇಳಿಬಿಟ್ಟು ನೋಡಿ, ಕಡಿಮೆಯಿದ್ದರೆ ಸುರಿದು, ಧಡ್ ಎಂದು ಬಾನೆಟ್ ಮುಚ್ಚುತ್ತಿದ್ದರು. ಆ ಸದ್ದು ಕೇಳಿದ ಮೇಲೆಯೇ ಒಳಗೆ ಒಲೆಯ ಮೇಲೆ ಚಹಾದ ಪಾತ್ರೆ ಏರುವುದು. ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಮನುಷ್ಯ. ನಾಲ್ಕು ವರ್ಷದ ಹಿಂದೆ ಮಂಡಿ ನೋವು ಎಂದು ಹೇಳಿ ವ್ಯಾನಿನ ಸ್ಟೀರಿಂಗನ್ನು ಸೊಸೆಗೆ ಬಿಟ್ಟುಕೊಟ್ಟಿದ್ದರು. ಬಾನೆಟ್ಟನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಮನೆಯ ಹಿಂದಿನ ಶೆಡ್ಡೇ ಅವರ ಲಾಂಡ್ರಿ. ಆರು ಲಾಡ್ಜುಗಳ ಹಾಸಿಗೆ ಬಟ್ಟೆ ಅಲ್ಲಿಗೆ ಕೊಳೆಯಾಗಿ ಬಂದು ಬೆಳ್ಳಗಾಗಿ ಹೋಗುತ್ತಿತ್ತು. ಒಗೆಯುವ ಯಂತ್ರಗಳನ್ನು ಗಂಡ ನೋಡಿಕೊಳ್ಳುತ್ತಿದ್ದ, ಇಸ್ತ್ರಿ ಅತ್ತೆಯದು, ಸಾಗಾಟ ಸೊಸೆಯದು. ಸ್ಟೀರಿಂಗ್ ಹಿಡಿಯುವ ಮೊದಲು ಸೊಸೆಯೂ ಹನ್ನೊಂದು ವರ್ಷ ಇಸ್ತ್ರಿ ಮೇಜಿನ ಮುಂದೆ ನಿಂತಿದ್ದವಳೇ. ಮದುವೆಯಾದ ಮೇಲೆ ಕುಳಿತು ಮಾಡುವ ಕೆಲಸ ಎಂದು ಅವಳಿಗೆ ಸಿಕ್ಕಿದ್ದು ಇದೊಂದೇ, ಅದೂ ಬೀದಿ ತೋರಿಸುವ ಕೆಲಸ. ವ್ಯಾನಿಗೆ ಇಪ್ಪತ್ತೆರಡು ವರ್ಷ. ಬಾಗಿಲು ಎರಡು ಸಲ ಎಳೆದರೆ ಮುಚ್ಚುತ್ತದೆ, ಹಾರನ್ ತನಗೆ ಮನಸ್ಸು ಬಂದಾಗ ಕೂಗುತ್ತದೆ. ಆದರೂ ಅವಳಿಗೆ ಅದರ ಮೇಲೆ ಪ್ರಾಣ.

ತೊಂದರೆ ಶುರುವಾದದ್ದು ಒಂದು ಮಂಗಳವಾರ. ಸೇತುವೆಯ ಏರಿನ ಮಧ್ಯದಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತು. ಅವಳು ಪಕ್ಕಕ್ಕೆ ನಿಲ್ಲಿಸಿ, ಹಿಂದಿನ ಗಾಡಿಗಳವರ ಬೈಗುಳವನ್ನೆಲ್ಲ ಶಾಂತವಾಗಿ ಕೇಳಿಸಿಕೊಂಡು, ಮುಕ್ಕಾಲು ಗಂಟೆ ತಣಿಯಲು ಬಿಟ್ಟಳು. ಆಮೇಲೆ ಮುಚ್ಚಳ ಬಿಚ್ಚಿ ನೋಡಿದರೆ ಬಾಟಲಿಯ ತಳ ಕಾಣುತ್ತಿತ್ತು. ಕುಡಿಯಲು ಇಟ್ಟುಕೊಂಡಿದ್ದ ನೀರನ್ನೇ ಹೊಯ್ದು ಹೇಗೋ ಮನೆ ಮುಟ್ಟಿಸಿದಳು.

ರಾತ್ರಿ ಊಟಕ್ಕೆ ಬ್ರೆಡ್ಡು, ಬಟಾಣಿ ಸೂಪು, ಬೇಯಿಸಿದ ಮೊಟ್ಟೆ.

"ಗಾಡಿ ಕುದೀತಂತೆ?" ಗಂಡ ಕೇಳಿದ.

"ಕುದೀತು. ಬಾಟ್ಲಿ ಪೂರ್ತಿ ಖಾಲಿ."

"ಬೆಳಿಗ್ಗೆ ನಾನೇ ತುಂಬಿದೀನಲ್ಲ," ಮಾವ ಬ್ರೆಡ್ಡನ್ನು ಸೂಪಿನಲ್ಲಿ ಅದ್ದುತ್ತ ಹೇಳಿದರು. "ಮಧ್ಯಾಹ್ನದ ಹೊತ್ತಿಗೆ ಖಾಲಿ ಅಂದ್ರೆ, ಓಡಿಸೋರು ಹೇಗೆ ಓಡಿಸ್ತಾರೆ ಅಂತ ಕೇಳ್ಬೇಕು."

"ಎಲ್ಲರೂ ಓಡಿಸೋ ಹಾಗೇ ಓಡಿಸ್ತೀನಿ ಮಾವ."

"ಅದಕ್ಕೇ ಎಲ್ಲರ ಗಾಡೀನೂ ಕುದಿಯುತ್ತೆ. ಎಂಜಿನ್ನನ್ನ ಕಿರುಚಿಸಬಾರದು. ಅದಕ್ಕೂ ಜೀವ ಇದೆ."

"ತಾತ, ಸಾಕ್ಷಿ ಎಲ್ಲಿ?" ಎಂದಳು ಹದಿನಾಲ್ಕರ ಮೊಮ್ಮಗಳು. ಎದುರು ವಾದಿಸದೆ ಒಂದು ತುತ್ತೂ ನುಂಗದ ಅವಳಿಗೆ ಮನೆಯಲ್ಲಿ ಲಾಯರಮ್ಮ ಎಂದೇ ಹೆಸರು.

"ಗಾಡೀನೇ ಸಾಕ್ಷಿ. ನನ್ನ ಕೈಲಿ ಹದಿನೆಂಟು ವರ್ಷ ಇತ್ತು, ಒಂದು ದಿನ ಕುದಿಲಿಲ್ಲ."

"ಆಗ ಅದಕ್ಕೂ ವಯಸ್ಸಿತ್ತು, ನಿಮಗೂ ಇತ್ತು," ಎಂದರು ಅತ್ತೆ. "ಸೂಪು ಆರುತ್ತೆ, ತಿನ್ನಿ."

ಗಂಡ ನಗಲಿಲ್ಲ. ವಾಹನದ ವಿಷಯದಲ್ಲಿ ಅವನಿಗೆ ಅಪ್ಪನ ಮಾತೇ ವೇದ. ಅವನಿಗೆ ಸೈಕಲ್ಲು ಬಿಟ್ಟರೆ ಬೇರೇನೂ ಓಡಿಸಲು ಬರುತ್ತಿರಲಿಲ್ಲ.

ಎರಡನೇ ವಾರ ವ್ಯಾನು ಮೂರು ಸಲ ನಿಂತಿತು. ಸೊಸೆ ಅದನ್ನು ಎರಡು ಬೀದಿ ಆಚೆಯ ಮೆಕ್ಯಾನಿಕ್ ಹತ್ತಿರ ಒಯ್ದಳು. ಊರವರೆಲ್ಲ ಅವನನ್ನು ನಿಧಾನಿ ಎನ್ನುತ್ತಿದ್ದರು. ಒಂದು ಬೋಲ್ಟು ಬಿಚ್ಚುವ ಮೊದಲು ಅದನ್ನು ಹತ್ತು ನಿಮಿಷ ನೋಡುವವನು, ಆದರೆ ಬಿಚ್ಚಿದ ಮೇಲೆ ಇನ್ನೊಮ್ಮೆ ಬಿಚ್ಚುವ ಪ್ರಮೇಯ ತರುವವನಲ್ಲ. ವರ್ಷವಿಡೀ ಮೂಗು ಕಟ್ಟಿಕೊಂಡಿರುವುದರಿಂದ ಮಾತು ಮಾತ್ರ ಯಾವ ಕೊಳವೆಯಿಂದಲೋ ಬಂದಂತೆ ಕೇಳುತ್ತಿತ್ತು.

"ನೀರು ಹೋಗೋಕೆ ಮೂರೇ ದಾರಿ ಅಕ್ಕ," ಎಂದ ನಿಧಾನಿ. "ಹೊರಗೆ ಸೋರಬೇಕು, ಒಳಗೆ ಸೋರಬೇಕು, ಇಲ್ಲಾ ಮುಚ್ಚಳದಿಂದ ಉಕ್ಕಬೇಕು. ನಾಲ್ಕನೇ ದಾರಿ ದೇವರು ಇಟ್ಟಿಲ್ಲ."

ಹೊರಗೆ ಸೋರುತ್ತದೆಯೇ ನೋಡಲು ರಾತ್ರಿಯಿಡೀ ವ್ಯಾನಿನ ಕೆಳಗೆ ರಟ್ಟು ಹಾಸಿಟ್ಟರು. ಬೆಳಿಗ್ಗೆ ರಟ್ಟು ಒಣಗಿಯೇ ಇತ್ತು. ರೇಡಿಯೇಟರಿಗೆ ಗಾಳಿ ಪಂಪು ಸಿಕ್ಕಿಸಿ ಒತ್ತಡ ಏರಿಸಿದ, ಅರ್ಧ ಗಂಟೆ ಕಳೆದರೂ ಅದರ ಮುಳ್ಳು ಒಂದಿಂಚು ಇಳಿಯಲಿಲ್ಲ. ಪೈಪುಗಳ ಕೊರಳು, ನೀರಿನ ಪಂಪಿನ ಬುಡ, ಸೀಟಿನ ಕೆಳಗಿನ ಹಾಸು ಎಲ್ಲವನ್ನೂ ಮುಟ್ಟಿ ನೋಡಿದ. ಒದ್ದೆಯ ಸುಳಿವಿಲ್ಲ. ಮುಚ್ಚಳ ಹೊಸದು ಹಾಕಿದ. ಮರುದಿನವೇ ಅದೇ ಏರಿನಲ್ಲಿ ವ್ಯಾನು ಮತ್ತೆ ಕುದಿಯಿತು.

ಆಗ ಬಾಟಲಿಯೊಳಗೆ ಟಾರ್ಚು ಬಿಟ್ಟು ನೋಡಿ ಅವನು "ಅಯ್ಯೋ" ಎಂದ. ನಿಧಾನಿ ಅಯ್ಯೋ ಎಂದದ್ದನ್ನು ಅವಳು ಅಲ್ಲಿಯವರೆಗೆ ಕೇಳಿರಲಿಲ್ಲ.

"ನೊರೆ ಬರ್ತಿದೆ ಅಕ್ಕ. ನೊರೆ ಅಂದ್ರೆ ಎಂಜಿನ್ ಒಳಗಿನ ಹೊಗೆ ನೀರಿಗೆ ನುಗ್ತಿದೆ ಅಂತ. ಅದನ್ನ ತಡೆಯೋ ಪಟ್ಟಿ, ಹೆಡ್ ಗ್ಯಾಸ್ಕೆಟ್, ಹೋಗಿದೆ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ?"

"ಹೊಗೆ ಹಿಡಿಯೋ ನೀಲಿ ಔಷಧಿ ಇಟ್ಟು ನೋಡಿದೆ. ಹೊಗೆ ಇದ್ರೆ ಹಳದಿ ಆಗ್ಬೇಕು, ಆಗ್ಲಿಲ್ಲ. ಆಯಿಲ್ಲೂ ಶುದ್ಧವಾಗಿದೆ. ಆದ್ರೆ ನೊರೆ ಕಣ್ಣಿಗೆ ಕಾಣ್ತಿದೆಯಲ್ಲ! ಎಂಜಿನ್ ಮೇಲಿನ ಹೆಡ್ ಇಳಿಸಿಯೇ ನೋಡ್ಬೇಕು. ಹತ್ತು ದಿನ ಗಾಡಿ ಇಲ್ಲೇ ಇರುತ್ತೆ. ಮನೆಯಲ್ಲಿ ಯಾವ ಕೂಲೆಂಟ್ ಹಾಕ್ತೀರಿ?"

"ನೀವು ಕೊಟ್ಟಿದ್ದ ಕ್ಯಾನೇ. ಮಾವ ದಿನಾ ಹಾಕ್ತಾರೆ."

"ಹಾಗಾದ್ರೆ ಅದರಲ್ಲಿ ತಪ್ಪಿಲ್ಲ," ಎಂದ ನಿಧಾನಿ. ಮಾವನ ಕೈಯ ಮೇಲೆ ಅವನಿಗೂ ಅಷ್ಟು ನಂಬಿಕೆ.

ಹತ್ತು ದಿನ ಎಂಬ ಮಾತನ್ನು ಗಂಡ ಎತ್ತಿದ್ದು ಶೆಡ್ಡಿನಲ್ಲಿ, ಇಬ್ಬರೂ ಸೇರಿ ಜೋಡಿ ಹಾಸಿಗೆಯ ಬಟ್ಟೆಗಳನ್ನು ಮಡಿಸುತ್ತಿದ್ದಾಗ. ಆ ಕೆಲಸ ಹೇಗೆಂದರೆ, ಎರಡೂ ತುದಿ ಹಿಡಿದು ದೂರ ನಿಲ್ಲಬೇಕು, ಝಾಡಿಸಬೇಕು, ಹತ್ತಿರ ಬಂದು ತುದಿಗೆ ತುದಿ ಕೂಡಿಸಬೇಕು, ಮತ್ತೆ ದೂರ ಸರಿಯಬೇಕು. ಜಗಳವಾಡಲು ಅಷ್ಟೇನೂ ಅನುಕೂಲವಲ್ಲ, ಆದರೂ ಅವರು ಆಡಿದರು.

"ಹತ್ತು ದಿನ ಲಾಡ್ಜಿನವರು ಕಾಯ್ತಾರಾ? ಟೆಂಪೋದವನ ಹತ್ರ ಮಾತಾಡಿದೀನಿ. ಒಂದನೇ ತಾರೀಕಿಂದ ಅವನೇ ತಂದು ಹಾಕ್ತಾನೆ, ಅವನೇ ಒಯ್ತಾನೆ."

"ಮತ್ತೆ ವ್ಯಾನು?"

"ಗುಜರಿಯವನು ಕೇಳಿದಾನೆ."

"ನಾನು?"

ಗಂಡ ತುದಿ ಕೂಡಿಸಲು ಹತ್ತಿರ ಬಂದ. "ಅಮ್ಮನಿಗೂ ಕೈ ಸೋತಿದೆ. ಇಸ್ತ್ರಿಗೆ ನೀನು ಬಂದ್ರೆ ಆಯ್ತಲ್ಲ."

"ನಾಲ್ಕು ವರ್ಷ ಒಂದು ಲೋಡು ತಡ ಮಾಡಿದ್ದೀನೇನ್ರೀ?"

"ನಾನೇನು ನಿನ್ನ ಬೈದ್ನಾ? ಅಪ್ಪ ಹೇಳಿದ್ದು ಕೇಳಿದೆಯಲ್ಲ. ಓಡಿಸೋ ರೀತಿ ಅಂತ ಒಂದಿರುತ್ತೆ."

ಅವಳು ತನ್ನ ತುದಿಯನ್ನು ಕೈಬಿಟ್ಟಳು. ಹೊಸದಾಗಿ ಒಗೆದ ಬಟ್ಟೆ ಅರ್ಧ ನೆಲದ ಮೇಲೆ ಬಿತ್ತು. ಗಂಡ ಅದನ್ನೊಮ್ಮೆ ನೋಡಿ, ಮತ್ತೆ ಯಂತ್ರಕ್ಕೆ ಹಾಕಿದ. ಒಂದನೇ ತಾರೀಕಿಗೆ ಒಂಬತ್ತು ದಿನ ಉಳಿದಿತ್ತು. ಅವಳಿಗೆ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು. ಆ ಮೇಜಿನ ಮುಂದೆ ಮತ್ತೆ ನಿಂತರೆ ಇನ್ನು ಅಲ್ಲಿಂದ ಹೊರಬರುವ ಮಾತಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಉಳಿದ ದಿನಗಳಲ್ಲಿ ಅವಳು ವ್ಯಾನನ್ನು ಗಾಜಿನ ಸಾಮಾನಿನ ಹಾಗೆ ಓಡಿಸಿದಳು. ಸೈಕಲ್ಲಿನವರು ಹಿಂದಿಕ್ಕಿ ಹೋದರು. ಆದರೂ ಶುಕ್ರವಾರ ಸೇತುವೆಯ ಏರಿನಲ್ಲಿ ಬಾಟಲಿಯ ಮುಚ್ಚಳದ ಸಂದಿನಿಂದ ನೊರೆ ಉಕ್ಕಿ ಬಂತು. ಅವಳು ಹಳೇ ಟವಲಿನಿಂದ ಅದನ್ನು ಒರೆಸಿ, ಟವಲನ್ನು ರೇಲಿಂಗಿನ ಮೇಲೆ ಹರವಿ, ತಣಿಯಲಿ ಎಂದು ಕಾಯುತ್ತ ನಿಂತಳು. ಗಾಳಿ ಜೋರಾಗಿತ್ತು. ಟವಲು ಒಣಗಿತು. ಮುಖದ ಬೆವರು ಒರೆಸಿಕೊಳ್ಳಲೆಂದು, ಯಾವ ಟವಲು ಎಂದು ನೋಡದೆ ಎತ್ತಿಕೊಂಡವಳು ಹಾಗೇ ನಿಂತಳು.

ಟವಲಿಗೆ ಲಾಡ್ಜಿನ ಹಾಸಿಗೆಯ ಘಮವಿತ್ತು.

ಒಗೆದ ಬಟ್ಟೆಯನ್ನು ಕೊನೆಗೆ ಮೆತ್ತಗಾಗಿಸಲು ಹಾಕುವ ನೀಲಿ ಸಾಫ್ಟ್‌ನರಿನ ಘಮ ಅದು. ಮನೆಯಲ್ಲಿ ಎಲ್ಲರ ತಲೆಗೂದಲಿಗೆ, ಅನ್ನಕ್ಕೆ, ಲಾಯರಮ್ಮನ ಪುಸ್ತಕಗಳಿಗೆ ಅದೇ ವಾಸನೆ ಅಂಟಿದ್ದರಿಂದ ಶೆಡ್ಡಿನಲ್ಲಿ ಅದು ಯಾರ ಮೂಗಿಗೂ ಬೀಳುತ್ತಿರಲಿಲ್ಲ. ನಿಧಾನಿಯ ಮೂಗಂತೂ ಕಟ್ಟಿಕೊಂಡೇ ಇತ್ತು. ಇಲ್ಲಿ ಸೇತುವೆಯ ಮೇಲೆ, ಡೀಸೆಲ್ ಹೊಗೆಯ ನಡುವೆ, ತಪ್ಪಿಸಿಕೊಳ್ಳುವಂತಿರಲಿಲ್ಲ.

ಮನೆಗೆ ಬಂದವಳೇ ಶೆಡ್ಡಿನ ಕಪಾಟಿನ ಮುಂದೆ ನಿಂತಳು. ಐದು ಲೀಟರಿನ ಬಿಳಿ ಕ್ಯಾನುಗಳು ಸಾಲಾಗಿದ್ದವು. ಕೂಲೆಂಟಿನ ಕ್ಯಾನು ಎತ್ತಿ ನೋಡಿದಳು. ಭಾರವಾಗಿತ್ತು. ತಿಂಗಳಿಂದ ವ್ಯಾನು ದಿನಾ ಕುಡಿಯುತ್ತಿದೆ, ಮಾವ ದಿನಾ ಸುರಿಯುತ್ತಿದ್ದಾರೆ, ಕ್ಯಾನು ಮಾತ್ರ ತುಂಬಿದಂತೆಯೇ ಇದೆ. ಅದರ ಪಕ್ಕದ ಸಾಫ್ಟ್‌ನರ್ ಕ್ಯಾನು ಅರ್ಧಕ್ಕಿಳಿದಿತ್ತು. ಅದು ದಿನಬಳಕೆಯ ವಸ್ತು, ಇಳಿದರೆ ಯಾರೂ ಕೇಳುವುದಿಲ್ಲ.

ಮರುದಿನ ಆರಕ್ಕೆ ಮೊದಲೇ ಅವಳು ಶೆಡ್ಡಿನಲ್ಲಿ ವ್ಯಾನಿನ ಪಕ್ಕ ನಿಂತಿದ್ದಳು. ಅಡಗಿರಲಿಲ್ಲ, ಕಿಟಕಿಯ ಬೆಳಕು ಅವಳ ಮೇಲೆಯೇ ಬೀಳುತ್ತಿತ್ತು. ಮಾವ ಬಂದರು. ಅವಳಿಂದ ಎರಡು ಮಾರು ದೂರದಲ್ಲಿ ಹಾದು ಹೋದರು, ತಿರುಗಿಯೂ ನೋಡಲಿಲ್ಲ. ಬಾನೆಟ್ ಎತ್ತಿದರು. ಬಾಟಲಿಗೆ ಬೆರಳಿಟ್ಟರು. ಕಪಾಟಿನ ಹತ್ತಿರ ಹೋಗಿ ಎಡ ತುದಿಯಿಂದ ಕ್ಯಾನುಗಳ ಹಿಡಿಕೆಗಳನ್ನು ಒಂದೊಂದಾಗಿ ಮುಟ್ಟುತ್ತ ಬಂದರು. ಒಂದು, ಎರಡು, ಮೂರು. ಮೂರನೆಯದನ್ನು ಎತ್ತಿಕೊಂಡರು.

ಆಗ ಅವಳಿಗೆ ಎಲ್ಲವೂ ತಿಳಿಯಿತು, ತನ್ನ ಪಾಲಿನದೂ ಸೇರಿ. ತಿಂಗಳ ಹಿಂದೆ ಶೆಡ್ಡಿನ ನೆಲ ತೊಳೆಯುವಾಗ ಕೆಳಗಿದ್ದ ಸಾಫ್ಟ್‌ನರ್ ಕ್ಯಾನನ್ನು ಎತ್ತಿ ಕಪಾಟಿನಲ್ಲಿ ಕೂಲೆಂಟಿನ ಎಡಕ್ಕೆ ಇಟ್ಟವಳು ಅವಳೇ. ಅಲ್ಲಿಯವರೆಗೆ ಮೂರನೆಯದು ಕೂಲೆಂಟ್ ಆಗಿತ್ತು.

"ಮಾವ."

ಕ್ಯಾನು ಅವರ ಕೈಯಲ್ಲಿ ಒಮ್ಮೆ ತುಳುಕಿತು. "ಯಾರು? ನೀನಾ? ಎಲ್ಲಿದೀಯ?"

"ಇಲ್ಲೇ, ನಿಮ್ಮ ಪಕ್ಕದಲ್ಲೇ. ಆ ಕ್ಯಾನಲ್ಲಿ ಏನಿದೆ ಮಾವ?"

"ಕೂಲೆಂಟು. ಇನ್ನೇನಿರುತ್ತೆ?"

"ಸಾಫ್ಟ್‌ನರು."

ಮಾವ ಕ್ಯಾನನ್ನು ಮುಖದ ಮುಂದೆ ಹಿಡಿದು, ಮೂಗಿಗೆ ತಾಗುವಷ್ಟು ಹತ್ತಿರ ತಂದು, ಚೀಟಿಯ ಮೇಲೆ ಕಣ್ಣು ಸರಿಸಿದರು. ಬಹಳ ಹೊತ್ತಿನ ಮೇಲೆ ನಿಧಾನವಾಗಿ ಕೆಳಗಿಟ್ಟರು.

"ಕ್ಯಾನ್ ಸರಿಸಿದ್ದು ನಾನು," ಎಂದಳು ಅವಳು. "ನೀವು ಎಣಿಸ್ತೀರಿ ಅಂತ ಗೊತ್ತಿರಲಿಲ್ಲ. ಎಷ್ಟು ದಿನದಿಂದ ಕಾಣ್ತಿಲ್ಲ ಮಾವ?"

"ಎದುರಿಗಿರೋದು ಕಾಣುತ್ತೆ. ಪಕ್ಕದ್ದು ಕಾಣಲ್ಲ. ಸಣ್ಣ ಅಕ್ಷರ ಓದೋಕಾಗಲ್ಲ." ಮಂಡಿ ಸವರಿಕೊಂಡು ಹೇಳಿದರು, "ಮಂಡಿಗೆ ಏನೂ ಆಗಿರಲಿಲ್ಲ."

"ನಾಲ್ಕು ವರ್ಷ!"

"ಯಾರಿಗೂ ಹೇಳ್ಬೇಡಮ್ಮ."

"ಹೇಳ್ದೆ ಇದ್ರೆ ಒಂದನೇ ತಾರೀಕಿಗೆ ಗಾಡಿ ಗುಜರಿಗೆ ಹೋಗುತ್ತೆ. ನಾನು ಇಸ್ತ್ರಿಗೆ ಹೋಗ್ತೀನಿ. ನನ್ನ ಓಡಿಸೋ ರೀತಿ ಸರಿ ಇಲ್ಲ ಅಂತ ಹೇಳಿದ್ದು ನೀವು."

ಮಾವ ಬಾನೆಟ್ಟಿನ ಅಂಚು ಹಿಡಿದುಕೊಂಡು ನಿಂತರು. "ನಿಜವಾಗ್ಲೂ ಹಾಗೇ ಅಂದುಕೊಂಡಿದ್ದೆ," ಎಂದರು. ಆಮೇಲೆ, "ಸಂಜೆವರೆಗೆ ಟೈಮ್ ಕೊಡು. ನಾನೇ ಹೇಳ್ತೀನಿ."

ಅವಳು ವ್ಯಾನನ್ನು ನೇರ ನಿಧಾನಿಯ ಹತ್ತಿರ ಒಯ್ದಳು. ವಿಷಯ ಕೇಳಿ ಅವನು ಮೊದಲು ಬಾಟಲಿಯನ್ನು, ಆಮೇಲೆ ಅವಳನ್ನು, ಹೀಗೆ ಬಹಳ ಹೊತ್ತು ನೋಡಿದ. "ನಾಲ್ಕನೇ ದಾರಿ ಇದೆ ಹಾಗಾದ್ರೆ," ಎಂದ. ಇದ್ದುದೆಲ್ಲ ಬಸಿದು, ಐದು ಸಲ ಶುದ್ಧ ನೀರು ತುಂಬಿ, ಎಂಜಿನ್ ಓಡಿಸಿ, ಮತ್ತೆ ಬಸಿದ. ಮೊದಲ ಮೂರು ಸಲ ಅಂಗಳವೆಲ್ಲ ನೊರೆಯಾಗಿ ಪಕ್ಕದಂಗಡಿಯವರು ನೋಡಲು ಬಂದರು. ಐದನೇ ಸಲ ನೀರು ನೀರಾಗಿಯೇ ಬಂತು. ಕೂಲೆಂಟ್ ತುಂಬಿ, ಗಾಳಿ ಬಿಡಿಸಿ, ಸೇತುವೆಯ ಏರನ್ನು ಅವಳೊಂದಿಗೆ ಮೂರು ಸಲ ಹತ್ತಿಳಿದ. ಮುಳ್ಳು ಅರ್ಧದಲ್ಲೇ ನಿಂತಿತ್ತು. ಅವಳಿಗೆ ಅಲ್ಲೇ ಕೂಗಿಕೊಳ್ಳುವಷ್ಟು ಖುಷಿಯಾಯಿತು.

ಸಂಜೆ ಎಲ್ಲರೂ ತಟ್ಟೆಯ ಮುಂದೆ ಕುಳಿತ ಮೇಲೆ ಮಾವ ಗಂಟಲು ಸರಿಮಾಡಿಕೊಂಡರು.

"ಟೆಂಪೋದವನಿಗೆ ಬೇಡ ಅಂತ ಹೇಳು," ಎಂದರು ಮಗನಿಗೆ. "ಗಾಡಿ ಸರಿಯಾಗಿದೆ. ಹೆಡ್ಡಿಗೇನೂ ಆಗಿಲ್ಲ. ಇವಳು ಓಡಿಸೋದ್ರಲ್ಲೂ ತಪ್ಪಿಲ್ಲ. ನಾನು ಕೂಲೆಂಟ್ ಬದಲು ಸಾಫ್ಟ್‌ನರ್ ಹಾಕ್ತಿದ್ದೆ."

"ಏನು?" ಗಂಡ ನಕ್ಕ. "ನೋಡ್ದೆ ಹಾಕಿದ್ರಾ?"

"ನೋಡೇ ಹಾಕಿದೆ."

ಸೊಸೆ ತಲೆಯೆತ್ತಿದಳು.

"ಬೇಕಂತಲೇ ಹಾಕಿದೆ," ಎಂದರು ಮಾವ, ಬೆನ್ನು ನೆಟ್ಟಗೆ ಮಾಡಿಕೊಂಡು. "ನನ್ನ ಗಾಡೀನ ಇವಳು ಓಡಿಸೋದು ನೋಡೋಕಾಗ್ತಿರಲಿಲ್ಲ. ಇಳಿಸ್ಬೇಕು ಅನ್ನಿಸ್ತು."

ಒಮ್ಮೆಲೇ ಎಲ್ಲ ಸಿಡಿಯಿತು. ಗಂಡ ತಟ್ಟೆ ನೂಕಿ ಎದ್ದು, ತನ್ನ ಜನ್ಮದಲ್ಲಿ ಅಪ್ಪನಿಗೆ ಆಡದ ಮಾತನ್ನೆಲ್ಲ ಆಡಿದ. ಅತ್ತೆ "ಥೂ, ಈ ವಯಸ್ಸಲ್ಲಿ ಎಂಥ ಹೊಟ್ಟೆಕಿಚ್ಚು ನಿಮಗೆ" ಎಂದು ಮುಖ ತಿರುಗಿಸಿದರು. ಸೊಸೆ ಬಾಯಿ ತೆರೆದಳು. ಎದುರಿಗೇ ಕುಳಿತಿದ್ದ ಮಾವ ಅವಳನ್ನೇ ನೋಡಿ, ಬೇಡ ಎಂದು ತಲೆಯಾಡಿಸಿದರು. ಅವಳು ಬಾಯಿ ಮುಚ್ಚಿದಳು. ಅವಳಿಗೆ ಬೇಕಾದದ್ದು ಸಿಕ್ಕಿತ್ತು, ಆದರೆ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಬೆಳಿಗ್ಗೆ ಮಾವ ಹಿತ್ತಲ ಕಟ್ಟೆಯ ಮೇಲೆ ಕುಳಿತಿದ್ದರು. ಶೆಡ್ಡಿಗೆ ಕಾಲಿಡಬಾರದೆಂದು ಮಗನ ಅಪ್ಪಣೆಯಾಗಿತ್ತು.

"ಯಾಕೆ ಹಾಗೆ ಹೇಳಿದ್ರಿ?" ಅವಳು ಎದುರಿಗೆ ಬಂದು ನಿಂತು ಕೇಳಿದಳು. "ಎಲ್ಲರೂ ನಿಮ್ಮನ್ನ ಕೆಟ್ಟವರು ಅಂದುಕೊಂಡಿದಾರೆ."

"ಅಂದುಕೊಳ್ಳಲಿ. ಕೆಟ್ಟವನ ಹತ್ರ ಜಗಳ ಆಡ್ತಾರೆ. ಕುರುಡನಿಗೆ ಕೈತುತ್ತು ಹಾಕ್ತಾರೆ. ನನಗೆ ಜಗಳಾನೇ ಸಾಕು."

ಇಂಥ ಮೊಂಡು ಮನುಷ್ಯನನ್ನು ಏನು ಮಾಡುವುದೆಂದು ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಬುಧವಾರ ನನ್ನ ಲೋಡು ಕಣ್ಣಾಸ್ಪತ್ರೆ ಕಡೆಗೇ ಹೋಗುತ್ತೆ," ಎಂದಳು. "ಚೀಲ ಇಳಿಸೋಕೆ ಜನ ಬೇಕು ಅಂತ ನಿಮ್ಮನ್ನ ಕರ್ಕೊಂಡು ಹೋಗ್ತೀನಿ. ಬಂದ್ರೆ ನನ್ನ ಬಾಯಿ ಮುಚ್ಚಿರುತ್ತೆ. ಬರಲ್ಲ ಅಂದ್ರೆ ಈಗಲೇ ಒಳಗೆ ಹೋಗಿ ಹೇಳ್ತೀನಿ."

"ಇದು ಬ್ಲ್ಯಾಕ್‌ಮೇಲು."

"ಹೌದು."

ಬುಧವಾರ ಡಾಕ್ಟರು ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಕಣ್ಣೊಳಗಿನ ಒತ್ತಡ ಏರಿ ವರ್ಷಗಳಾಗಿವೆ, ಎಡಗಣ್ಣು ಮುಗಿದಿದೆ, ಬಲಗಣ್ಣಲ್ಲಿ ಉಳಿದಿರುವುದು ಕೊಳವೆಯಲ್ಲಿ ಇಣುಕಿದಷ್ಟು ನೋಟ ಎಂದರು. ಹೋದದ್ದು ಬರುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಲು ದಿನಕ್ಕೆರಡು ಸಲ ತಪ್ಪದೆ ಹನಿ ಹಾಕಬೇಕು. ಮಾವ "ನಾಲ್ಕು ವರ್ಷ ಮೊದಲೇ ಬಂದಿದ್ರೆ?" ಎಂದು ಕೇಳಿದರು. ಡಾಕ್ಟರು ಹನಿಯ ಚೀಟಿ ಬರೆದು ಕೊಟ್ಟರು. ಅಂದಿನಿಂದ ಬೆಳಿಗ್ಗೆ ಲೋಡಿಗೆ ಹೊರಡುವ ಮೊದಲೊಮ್ಮೆ, ಸಂಜೆ ಬಂದ ಮೇಲೊಮ್ಮೆ, ಹಿತ್ತಲಲ್ಲಿ ಅವಳೇ ಹನಿ ಹಾಕಿದಳು.

ಮನೆಯಲ್ಲಿ ಜಗಳ ಮೂರು ವಾರ ಸೊಗಸಾಗಿ ನಡೆಯಿತು. ಗಂಡ ಪ್ರತಿ ಊಟಕ್ಕೂ ಅಪ್ಪನನ್ನು ತರಾಟೆಗೆ ತೆಗೆದುಕೊಂಡ, ಮಾವ ಒಂದಕ್ಕೆರಡು ಕೊಟ್ಟರು. ವ್ಯಾನು ಒಂದು ಹನಿಯೂ ಕುಡಿಯದೆ ಆರು ಲಾಡ್ಜು ಸುತ್ತಿತು. ಆಮೇಲೆ ಎಲ್ಲ ಸಿಟ್ಟಿನ ಹಾಗೆ ಗಂಡನ ಸಿಟ್ಟೂ ಸವೆಯಿತು.

ಒಂದು ಸಂಜೆ ಅವನು ಅಪ್ಪನನ್ನೇ ದಿಟ್ಟಿಸಿ ನೋಡುತ್ತ, ಮೆತ್ತಗಿನ ದನಿಯಲ್ಲಿ, "ಹೋಗ್ಲಿ ಬಿಡಿ ಅಪ್ಪ. ನಿಮಗೂ ವಯಸ್ಸಾಯ್ತು. ಮನಸ್ಸು ಒಂದೊಂದು ಸಲ ಹಾಗೆ ಮಾಡುತ್ತೆ," ಎಂದ. "ಕೊಡಿ ಇಲ್ಲಿ, ನಾನೇ ಬ್ರೆಡ್ಡು ಸೂಪಲ್ಲಿ ಅದ್ದಿ ಕೊಡ್ತೀನಿ." ಹೀಗೆಂದು ಅಪ್ಪನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ.

ಅತ್ತೆಯೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾವನ ಕೈ ತಟ್ಟೆಯಿಲ್ಲದ ಜಾಗದಲ್ಲಿ ಹಾಗೇ ಉಳಿಯಿತು. ಅವರ ಮುಖ ನೋಡಿದ ಸೊಸೆಗೆ ಹಿತ್ತಲಲ್ಲಿ ಅವರಾಡಿದ ಕೈತುತ್ತಿನ ಮಾತು ನೆನಪಾಯಿತು.

"ಹೋಗ್ಲಿ ಬಿಡಿ ಅಂದ್ರೆ ಹೇಗ್ರೀ?" ಅವಳು ಗಂಡನ ಕೈಯಿಂದ ತಟ್ಟೆ ಕಿತ್ತು ಮಾವನ ಮುಂದೆ ಕುಕ್ಕಿದಳು. "ನೀವು ಬಿಟ್ರೂ ನಾನು ಬಿಡಲ್ಲ. ಮಾವ, ಇನ್ನೊಂದು ಸಲ ನನ್ನ ಗಾಡಿ ಹತ್ರ ಬಂದ್ರೆ ನೋಡಿ!"

ಗಂಡ ಬೆಚ್ಚಿ ಅವಳ ಕಡೆ ತಿರುಗಿದ. ಮಾವ ನಿಧಾನವಾಗಿ ತಲೆಯೆತ್ತಿದರು.

"ಯಾರ ಗಾಡಿ?" ಎಂದರು.

"ನನ್ನ ಗಾಡಿ!"

"ನಿನ್ನ ಗಾಡಿ! ನಿನ್ನ ಮದುವೆಗೆ ಮೊದಲೇ ತಂದ ಗಾಡಿ ಅದು! ಕ್ಲಚ್ಚು ಒತ್ತೋಕೆ ಕಲಿಸಿದ್ದು ಯಾರು ಹೇಳು!"

"ಕಲಿಸಿ ಆಮೇಲೆ ಸೋಪು ಹಾಕಿದ್ದು ಯಾರು, ಅದನ್ನೂ ಹೇಳಿ!"

"ಹಾಕ್ದೆ! ಇನ್ನೂ ಹಾಕ್ತೀನಿ!" ಮಾವ ಎರಡನೇ ಬ್ರೆಡ್ಡನ್ನು ತಾವೇ ಎಟುಕಿ ತೆಗೆದುಕೊಂಡು, ಬಾಯಿ ತುಂಬ ಅಗಿಯುತ್ತಲೇ ಅವಳನ್ನು ಬೈದರು.